ಅಪ್ಪನ ಕೋವಿ ನನ್ನ ಹೆಸರಿಗೆ ಬಂದಿದ್ದು

ಅಪ್ಪನ ಹನ್ನೆರಡನೇ ದಿನದ ಕೆಲಸ ಮುಗಿದು ನೆಂಟರೆಲ್ಲ ಹೊರಟಿದ್ದರು. ಚಿಕ್ಕಪ್ಪ ಮಾತ್ರ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಾ, "ಕೋವಿ ಏನ್ ಮಾಡ್ದೆ?" ಅಂದರು. ಏನು ಮಾಡೋದು, ಒಳಗಿನ ಕೋಣೆಯ ಬೀರುವಿನಲ್ಲಿದೆ ಅಂದೆ. "ಹಂಗಾದ್ರೆ ನೀನೀಗ ಲೈಸೆನ್ಸ್ ಇಲ್ದೆ ಕೋವಿ ಇಟ್ಕೊಂಡಿದೀಯ ಮಾರಾಯ. ನಾಳೆನೇ ಸ್ಟೇಷನ್ನಿಗೆ ಕೊಟ್ಟು ರಸೀದಿ ತಗೋ" ಅಂದರು.

ನನಗೆ ಅದು ಹೊಳೆದೇ ಇರಲಿಲ್ಲ. ಗದ್ದೆ, ತೋಟ, ಹಸು ಎಲ್ಲದರ ಜೊತೆ ಕೋವಿಯೂ ಮನೆಯದ್ದು ಅಂದುಕೊಂಡಿದ್ದೆ. ಲೈಸೆನ್ಸ್ ಇರುವುದು ಮನುಷ್ಯನಿಗೆ, ಮನೆಗಲ್ಲ. ಆ ಮನುಷ್ಯ ಹೋದ ಮೇಲೆ ಕೋವಿಯನ್ನು ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಠೇವಣಿ ಇಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಹೇಳುವುದು ಇದನ್ನೇ.

ಚಿಕ್ಕಪ್ಪನಿಗೆ ಈ ಕಾನೂನೆಲ್ಲ ಬಾಯಿಪಾಠ. ಪೆಟ್ಟು ತಿಂದು ಕಲಿತಿದ್ದು. ಅವರ ಹೆಸರಲ್ಲಿ ಮೂರು ಕೋವಿ ಇದ್ದವು. 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ ಎರಡೇ ಎಂದಾಯಿತು. ಮೂರನೆಯದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕಾಯಿತು. ಅಜ್ಜನ ಕಾಲದ, ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು ಕೊಟ್ಟು ಬಂದ ದಿನ ಅವರು ಸರಿಯಾಗಿ ಊಟ ಮಾಡಲಿಲ್ಲವಂತೆ. ಅದರಿಂದ ಈಡು ಹಾರಿ ಮೂವತ್ತು ವರ್ಷವಾಗಿತ್ತು, ಆ ಮಾತು ಬೇರೆ.

ಮಾರನೇ ದಿನ ಠಾಣೆಗೆ ಮೊದಲು ಫೋನ್ ಮಾಡಿದೆ. ಸುಮ್ನೆ ಕೋವಿ ಹೆಗಲಿಗೇರಿಸಿಕೊಂಡು ಠಾಣೆಯ ಗೇಟಿಗೆ ಹೋಗಿ ನಿಲ್ಲುವುದು ಬುದ್ಧಿವಂತಿಕೆ ಅಲ್ಲ. ಮರಣ ಪತ್ರ, ಅಪ್ಪನ ಲೈಸೆನ್ಸ್ ಪುಸ್ತಕ, ಕೋವಿ, ಉಳಿದ ತೋಟೆ (ಕಾಡತೂಸು) ಎಲ್ಲ ತನ್ನಿ ಅಂದರು. ಹೊರಡುವ ಮುಂಚೆ ನಮ್ಮ ಜೋಡುನಳಿಗೆ ಕೋವಿಯ ಫೋಟೋ ತೆಗೆದುಕೊಂಡೆ. ನಂಬರು ಕಾಣುವ ಹಾಗೆ ಒಂದು, ಮರದ ಹಿಡಿಯ ಮೇಲಿನ ಗೀರು ಕಾಣುವ ಹಾಗೆ ಇನ್ನೊಂದು.

ತೊಡಕಾಗಿದ್ದು ತೋಟೆಯ ಲೆಕ್ಕ. ತೋಟೆ ಕೊಂಡಾಗಲೆಲ್ಲ ಅಂಗಡಿಯವರು ಲೈಸೆನ್ಸ್ ಪುಸ್ತಕದಲ್ಲಿ ಬರೆಯುತ್ತಾರೆ. ಅಪ್ಪನ ಪುಸ್ತಕದಲ್ಲಿ ಕೊನೆಯದಾಗಿ ಇಪ್ಪತ್ತೈದು ಕೊಂಡಿದ್ದು ಇತ್ತು. ಬಿಸ್ಕತ್ತಿನ ಡಬ್ಬದಲ್ಲಿ ಇದ್ದದ್ದು ಹದಿನೇಳು. "ಇನ್ನೆಂಟು?" ಅಂದರು ಠಾಣೆಯ ರೈಟರ್. ಪುಣ್ಯಕ್ಕೆ ಅಪ್ಪ ಡೈರಿ ಬರೆಯುತ್ತಿದ್ದರು. "ಆನೆ, ಕೆರೆ ದಂಡೆ, ಗಾಳಿಗೆ 2" ಎನ್ನುವಂಥ ಸಾಲುಗಳು ಹಾಲಿನ ಲೆಕ್ಕದ ಮಧ್ಯೆ ಸಿಕ್ಕವು. ಒಟ್ಟು ಎಂಟು ಆಯಿತು. ಅವತ್ತಿನಿಂದ ನಾನೂ ಒಂದೊಂದು ತೋಟೆಗೂ ತಾರೀಖು, ಜಾಗ, ಕಾರಣ ಬರೆದಿಡುತ್ತೇನೆ. ಖಾಲಿ ತೋಟೆಯನ್ನೂ ಎಸೆಯುವುದಿಲ್ಲ.

ಡಬ್ಬದಲ್ಲಿದ್ದ ಹದಿನೇಳರಲ್ಲಿ ನಾಲ್ಕು ಕಾಗದದ ತೋಟೆ. ಮಳೆಗಾಲದ ತೇವ ಕುಡಿದು ಊದಿಕೊಂಡಿದ್ದವು. ಹಿತ್ತಾಳೆಯ ಬುಡಕ್ಕೆ ಹಸಿರು ಕಿಲುಬು. ಅಂಥದ್ದನ್ನು ಹಾರಿಸಲೂ ಬಾರದು, ಬಚ್ಚಲ ಒಲೆಗೆ ಹಾಕಲೂ ಬಾರದು. ಅವನ್ನೂ ಲೆಕ್ಕದಲ್ಲಿ ತೋರಿಸಿ ಒಪ್ಪಿಸಿದೆ.

ಇನ್ನು ನನ್ನ ಹೆಸರಿಗೆ ಮಾಡಿಸುವ ಕೆಲಸ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ವಾರಸುದಾರರಿಗೆ ಅಂತಲೇ ದಾರಿ ಇದೆ. ಲೈಸೆನ್ಸ್‌ದಾರ ತೀರಿಕೊಳ್ಳುವವರೆಗೆ ಕಾಯಲೇಬೇಕು ಅಂತೇನೂ ಇಲ್ಲ. ಅವರಿಗೆ 70 ವರ್ಷ ತುಂಬಿದರೆ, ಇಲ್ಲವೇ ಕೋವಿ ಅವರ ಬಳಿ 25 ವರ್ಷ ಇದ್ದಿದ್ದರೆ, ಬದುಕಿರುವಾಗಲೇ ಮಕ್ಕಳ ಹೆಸರಿಗೆ ಅರ್ಜಿ ಹಾಕಬಹುದು. ನಮ್ಮಪ್ಪನಿಗೆ ಎರಡೂ ಆಗಿತ್ತು. "ನಾನಿನ್ನೂ ಗಟ್ಟಿ ಇದೀನಿ" ಅಂತ ಅವರು ಕೇಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಮನೆಯಲ್ಲಿ ವಯಸ್ಸಾದ ಲೈಸೆನ್ಸ್‌ದಾರರಿದ್ದರೆ ಈ ಮಾತನ್ನು ಈಗಲೇ ಎತ್ತಿ. ಕಷ್ಟದ ಮಾತು, ಆದರೂ ಎತ್ತಿ.

ಅರ್ಜಿ ಆನ್‌ಲೈನ್‌ನಲ್ಲಿ. ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. ಪೊಲೀಸ್ ಕಮಿಷನರ್ ಇರುವ ಬೆಂಗಳೂರಿನಂಥ ನಗರದಲ್ಲಿ ಕಮಿಷನರ್. ಅಮ್ಮ ಮತ್ತು ಅಕ್ಕ ತಮ್ಮ ತಕರಾರಿಲ್ಲ ಎಂದು ಛಾಪಾಕಾಗದದಲ್ಲಿ ಬರೆದುಕೊಟ್ಟರು. ಆಸ್ತಿ ಪಾಲಿನ ಬಗ್ಗೆ ಒಂದು ಮಾತೂ ಆಡದ ಅಕ್ಕ, ಕೋವಿಯ ಕಾಗದಕ್ಕೆ ಸಹಿ ಹಾಕುವಾಗ, "ಅಪ್ಪ ನಂಗೂ ಎರಡು ಸಲ ಹೊಡೆಯಕ್ಕೆ ಕೊಟ್ಟಿದ್ರು ಗೊತ್ತಾ" ಅಂದಳು. ನನಗೆ ಗೊತ್ತಿರಲಿಲ್ಲ.

ಆಮೇಲೆ ವೈದ್ಯರ ಸರ್ಟಿಫಿಕೇಟು. ಮೈ, ಮನಸ್ಸು ಎರಡೂ ಸರಿಯಿದೆ ಅಂತ. ಆಮೇಲೆ ಕೋವಿ ಬಳಸುವ ತರಬೇತಿಯ ಸರ್ಟಿಫಿಕೇಟು. ಇದು ಬರೀ ಕಾಟಾಚಾರ ಅಂದುಕೊಂಡು ಹೋದವನು ನಾನು. ಅಲ್ಲಿ ಮೊದಲ ಅರ್ಧ ಗಂಟೆಯಲ್ಲೇ ನನ್ನ ಒಂದು ಕೆಟ್ಟ ಚಾಳಿ ಹಿಡಿದರು. ಕೋವಿ ಕೈಗೆ ಬಂದ ಕೂಡಲೇ ನನ್ನ ಬೆರಳು ಕುದುರೆಯ (ಟ್ರಿಗರ್) ಮೇಲೆ ಹೋಗಿ ಕೂರುತ್ತಿತ್ತು. ಅಪ್ಪನನ್ನು ನೋಡಿ ಕಲಿತಿದ್ದು. ಅದು ಬಿಡಲು ಎರಡು ದಿನ ಬೇಕಾಯಿತು.

ಪೊಲೀಸ್ ವಿಚಾರಣೆಗೆ ಬಂದವರು ಪಕ್ಕದ ತೋಟದವರನ್ನೂ ಕೇಳಿದರು. ನಮಗೂ ಅವರಿಗೂ ಬೇಲಿ ಜಗಳ ಅಜ್ಜನ ಕಾಲದಿಂದ ಇದೆ. ನನಗೆ ಒಳಗೊಳಗೇ ಪುಕುಪುಕು. ಅವರು ಹೇಳಿದ್ದು ಇಷ್ಟೇ ಅಂತೆ: "ಆ ಮನುಷ್ಯ ಬೇಲಿ ಒತ್ತುತ್ತಾನೆ, ಆದ್ರೆ ಕೋವಿ ಎತ್ತೋ ಜನ ಅಲ್ಲ." ವರದಿಯಲ್ಲಿ ಮೊದಲರ್ಧ ಬರೆದರೋ ಇಲ್ಲವೋ ಗೊತ್ತಿಲ್ಲ.

ನಿಜವಾಗಿ ತಡವಾಗಿದ್ದು ಬೇರೆ ಕಡೆ. ನಮ್ಮ ತೋಟದಿಂದ ಅಭಯಾರಣ್ಯದ ಗಡಿ ಹತ್ತು ಕಿಲೋಮೀಟರಿನ ಒಳಗೆ ಬರುತ್ತದೆ. 1972ರ ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ಆ ಹತ್ತು ಕಿಲೋಮೀಟರಿನಲ್ಲಿ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲು ಬರಬೇಕು. ಈ ಸಂಗತಿ ನನಗೆ ಗೊತ್ತಾಗಿದ್ದು ಐದನೇ ತಿಂಗಳಲ್ಲಿ. ಅಲ್ಲಿಯವರೆಗೆ ನನ್ನ ಕಡತ ಒಂದು ಮೇಜಿನ ಮೇಲೆ ಸುಮ್ಮನೆ ಮಲಗಿತ್ತು. ಕೇಳಿದಾಗಲೆಲ್ಲ "ಪ್ರೋಸೆಸ್‌ನಲ್ಲಿದೆ" ಅಂತ ಉತ್ತರ. ಕಾಡಂಚಿನವರಾದರೆ ಅರ್ಜಿ ಹಾಕಿದ ವಾರದಲ್ಲೇ, ಅರಣ್ಯ ಇಲಾಖೆಗೆ ಪತ್ರ ಹೋಯಿತಾ, ಯಾವ ತಾರೀಖು, ಯಾವ ನಂಬರು ಎಂದು ಕೇಳಿ ಬರೆದುಕೊಳ್ಳಿ. ಅಷ್ಟು ಮಾಡಿದ್ದರೆ ನನಗೆ ನಾಲ್ಕು ತಿಂಗಳು ಉಳಿಯುತ್ತಿತ್ತು.

"ಕೊಡಗಿನಲ್ಲಿ ಲೈಸೆನ್ಸೇ ಬೇಡ್ವಂತಲ್ಲ, ನಮಗ್ಯಾಕೆ?" ಅಂತ ಊರಲ್ಲಿ ಕೇಳುವವರು ತುಂಬಾ. ಆ ವಿನಾಯಿತಿ ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಮಾತ್ರ. ಈಗಿನದ್ದು 2029ರವರೆಗೆ ಇದೆ. ಮಲೆನಾಡಿನ ಉಳಿದವರಿಗೆ ಅದು ಅನ್ವಯಿಸುವುದಿಲ್ಲ.

ಅಂತೂ ಹನ್ನೊಂದು ತಿಂಗಳ ಮೇಲೆ ಲೈಸೆನ್ಸ್ ಬಂತು. ಐದು ವರ್ಷಕ್ಕೆ. ಅದರ ಮೇಲೆ ಯುಐಎನ್ (ಲೈಸೆನ್ಸ್‌ದಾರರಿಗೆ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ) ಇದೆಯಾ, ಕೋವಿಯ ನಂಬರಿನ ಒಂದೊಂದು ಅಂಕಿಯೂ ಸರಿಯಾ ಅಂತ ಅಲ್ಲೇ ನಿಂತು ನೋಡಿದೆ. ಎಂಟರ ಬದಲು ಮೂರು ಬಿದ್ದಿತ್ತು! ತಿದ್ದಿಸಿಕೊಂಡು ಬರಲು ಸಂಜೆಯಾಯಿತು.

ಕೋವಿ ಮನೆಗೆ ತಂದ ದಿನ ಬಲಗಡೆ ನಳಿಗೆಯ ಸೂಜಿ, ಅಂದರೆ ತೋಟೆಯ ಬುಡಕ್ಕೆ ಬಡಿದು ಅದನ್ನು ಹಾರಿಸುವ ಮೊಳೆ, ಮೆತ್ತಗಾಗಿದ್ದು ಗೊತ್ತಾಯಿತು. ತೋಟೆಯ ಕೇಪಿನ ಮೇಲೆ ಬರೀ ಚುಕ್ಕೆ ಬೀಳುತ್ತಿತ್ತು, ಹಾರುತ್ತಿರಲಿಲ್ಲ. ರಿಪೇರಿ ಯಾರ ಹತ್ತಿರ ಬೇಕಾದರೂ ಮಾಡಿಸುವ ಹಾಗಿಲ್ಲ, ರಿಪೇರಿ ಮಾಡುವವರಿಗೂ ಲೈಸೆನ್ಸ್ ಇರಬೇಕು. ಅಂಥ ಅಂಗಡಿ ಇದ್ದದ್ದು ದೂರದ ಪೇಟೆಯಲ್ಲಿ. ಡಬ್ಬದಲ್ಲಿ ಹಾಕಿ ಕೊರಿಯರ್ ಮಾಡಿದರಾಯಿತು ಅಂದುಕೊಂಡೆ. ಕೌಂಟರಿನ ಹುಡುಗ "ಒಳಗೆ ಏನು ಸಾರ್?" ಅಂದ. "ಕೋವಿ" ಅಂದೆ. ಅವನು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ ರೀತಿ ಮರೆಯುವಂಥದ್ದಲ್ಲ. ಪಾರ್ಸೆಲ್‌ನಲ್ಲಿ ಏನೋ ಕಬ್ಬಿಣದ ಸಾಮಾನು ಅಂತ ಸುಳ್ಳು ಬರೆದು ಕಳಿಸುವವರೂ ಇದ್ದಾರೆ ಅಂತ ಆಮೇಲೆ ಕೇಳಿದೆ. ದಯವಿಟ್ಟು ಬೇಡ. ದಾರಿಯಲ್ಲಿ ಅದು ಸಿಕ್ಕಿಬಿದ್ದರೆ ಮತ್ತೆ ಕೋವಿಯೂ ಇಲ್ಲ, ಲೈಸೆನ್ಸೂ ಇಲ್ಲ.

ಅದು ಅಡಿಕೆ ಕೊಯ್ಲಿನ ಸಮಯ, ನನಗೆ ಮನೆ ಬಿಡುವ ಹಾಗಿರಲಿಲ್ಲ. ಭಾವ ಕಾರಿನಲ್ಲಿ ಆ ಕಡೆ ಹೊರಟಿದ್ದರು. ಚಿಕ್ಕಪ್ಪ ಮತ್ತೆ ನೆರವಿಗೆ ಬಂದರು. ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಒಂದು ಸಣ್ಣ ಅವಕಾಶ ಇದೆ. ಲೈಸೆನ್ಸ್‌ದಾರ ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟರೆ, ಲೈಸೆನ್ಸ್ ಇಲ್ಲದವರೂ ರಿಪೇರಿಗೋ ನವೀಕರಣಕ್ಕೋ ಕೋವಿ ಒಯ್ಯಬಹುದು. ನಾನು ಪತ್ರ ಬರೆದೆ. ಲೈಸೆನ್ಸ್ ನಂಬರು, ಕೋವಿ ನಂಬರು, ಭಾವನ ಹೆಸರು ವಿಳಾಸ, ಅಂಗಡಿಯ ಹೆಸರು, ಹೋಗುವ ತಾರೀಖು, "ರಿಪೇರಿಗೆ ಮಾತ್ರ" ಅನ್ನುವ ಮಾತು. ಅಸಲು ಪುಸ್ತಕವನ್ನೂ ಜೊತೆಗೆ ಕೊಟ್ಟೆ. ತೋಟೆ ಒಂದೂ ಕೊಡಲಿಲ್ಲ. ಕೋವಿಯನ್ನು ಮೂರು ಭಾಗ ಬಿಚ್ಚಿ, ಚೀಲದಲ್ಲಿ ಮುಚ್ಚಿ, ಡಿಕ್ಕಿಯಲ್ಲಿಟ್ಟು ಬೀಗ. ದಾರಿಯ ಚೆಕ್‌ಪೋಸ್ಟಿನಲ್ಲಿ ಹಿಡಿದರಂತೆ. ಪೊಲೀಸರು ಪತ್ರವನ್ನು ಎರಡು ಸಲ ಓದಿ, ನನಗೆ ಫೋನ್ ಮಾಡಿ, ಕೋವಿ ನಂಬರು ಹೇಳಿ ಅಂದರು. ಹೇಳಿದೆ, ಬಿಟ್ಟರು. ಭಾವ ಮಾತ್ರ "ಇನ್ಮೇಲೆ ನಿಮ್ಮನೆ ಕೋವಿ ಸಹವಾಸ ಬೇಡಪ್ಪ" ಅಂದುಬಿಟ್ಟರು.

ಆ ಅಂಗಡಿಯವರು ಇನ್ನೊಂದು ಉಪಕಾರ ಮಾಡಿದರು. ಕೋವಿ ಮುರಿದಾಗ (ತೋಟೆ ತುಂಬಲು ನಳಿಗೆ ಬಗ್ಗಿಸಿ ತೆರೆದಾಗ) ಮಾತ್ರ ಕಾಣುವ ಜಾಗದಲ್ಲಿ, ನಳಿಗೆಯ ಅಡಿಯಲ್ಲಿ, 2½ ಎಂಬ ಗುರುತು ಇದೆ. ಇಂಚಿನ ಲೆಕ್ಕ. ಅಂದರೆ ಇದು 65 ಮಿಲಿಮೀಟರ್ ತೋಟೆಯ ಕೋವಿ. ಈಗ ಜಾಸ್ತಿ ಸಿಗುವುದು 70 ಮಿಲಿಮೀಟರಿನದ್ದು. ಮಜಾ ಏನೆಂದರೆ 70ರ ತೋಟೆಯೂ ಇದರೊಳಗೆ ಸಲೀಸಾಗಿ ಕೂರುತ್ತದೆ! ತೋಟೆಯ ಅಳತೆ ಹೇಳುವುದು ಹಾರಿದ ಮೇಲಿನ ಉದ್ದವನ್ನು. ಮಡಚಿದ ಬಾಯಿ ಬಿಚ್ಚಿಕೊಂಡಾಗ ಅದು ಮುಂದಿನ ಸಣ್ಣ ಜಾಗಕ್ಕೆ ಚಾಚಿಕೊಳ್ಳುತ್ತದೆ, ದಾರಿ ಕಟ್ಟುತ್ತದೆ, ಒಳಗಿನ ಒತ್ತಡ ಏರುತ್ತದೆ. ಹಿಡಿಸಿತು ಅಂದ ಮಾತ್ರಕ್ಕೆ ಸರಿಹೊಂದಿತು ಅಂತಲ್ಲ. ಹಳೇ ಕೋವಿ ಇರುವವರು ಇವತ್ತೇ ಮುರಿದು ಆ ಗುರುತು ನೋಡಿ.

ಊರವರ ಜೊತೆ ಏಗುವುದು ಇನ್ನೊಂದು ಅಧ್ಯಾಯ. "ಹಂದಿ ಬಂದಿದೆ, ಒಂದು ರಾತ್ರಿಗೆ ಕೋವಿ ಕೊಡಿ" ಅಂತ ಕೇಳುತ್ತಾರೆ. ಕೊಡುವ ಹಾಗಿಲ್ಲ. ಅಷ್ಟೇ ಅಲ್ಲ, ನನ್ನ ಲೈಸೆನ್ಸಿನಲ್ಲಿ "ಬೆಳೆ ರಕ್ಷಣೆ" ಅಂತ ಇರುವುದು ಹಂದಿ ಹೊಡೆಯಲು ಪರವಾನಗಿ ಅಲ್ಲ. 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಕಾಯ್ದೆಯ ಎರಡನೇ ಪಟ್ಟಿಯಲ್ಲಿದೆ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹೊಡೆದರೆ ಕೇಸು ನನ್ನ ಮೇಲೆ. ನಾನೀಗ ಹಂದಿಗೆ ಪಟಾಕಿ ಹಚ್ಚುತ್ತೇನೆ, ಹಾನಿಯಾದರೆ ಪರಿಹಾರಕ್ಕೆ ಅರ್ಜಿ ಹಾಕುತ್ತೇನೆ. ಆಯುಧಪೂಜೆಯ ದಿನ ಕೋವಿಗೆ ಕುಂಕುಮ ಇಟ್ಟಾಗ ಚಿಕ್ಕಪ್ಪನ ಮಗ "ಒಂದು ಈಡು ಗಾಳಿಗೆ ಹೊಡಿ, ವಿಡಿಯೋ ಮಾಡ್ತೀನಿ" ಅಂದ. ಸಂಭ್ರಮಕ್ಕೆ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಕುತ್ತು ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅದೂ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಸೇರಿದ್ದು. ಅವನಿಗೆ ಕೋಸಂಬರಿ ಕೊಟ್ಟು ಕೂರಿಸಿದೆ.

ಇಷ್ಟಾದ ಮೇಲೆ ಚುನಾವಣೆ ಬಂತು. ನೀತಿ ಸಂಹಿತೆ ಜಾರಿಯಾದ ಕೂಡಲೇ ಠಾಣೆಯಿಂದ ಫೋನು, ಕೋವಿ ತಂದು ಠೇವಣಿ ಇಡಿ ಅಂತ. ಕೊಟ್ಟು ರಸೀದಿ ತಂದೆ. ಸುಮಾರು ಎರಡೂವರೆ ತಿಂಗಳ ಮೇಲೆ ವಾಪಸ್ ಸಿಕ್ಕಿತು. ಮನೆಗೆ ತಂದು ಅಂಗಳದಲ್ಲಿ ಕೋವಿ ಮುರಿದು, ನಳಿಗೆಯನ್ನು ಆಕಾಶಕ್ಕೆ ಹಿಡಿದು ನೋಡಿದೆ. ಎಡಗಡೆಯದ್ದರಲ್ಲಿ ಬೆಳಕು ದುಂಡಗೆ ಕಂಡಿತು. ಬಲಗಡೆಯದ್ದು ಕತ್ತಲು. ಮೊದಲು ಎಣ್ಣೆ ಬಟ್ಟೆ ಸಿಕ್ಕಿಕೊಂಡಿದೆ ಅಂದುಕೊಂಡೆ. ಕಡ್ಡಿ ಹಾಕಿ ತಳ್ಳಿದರೆ ಗಟ್ಟಿಯಾಗಿ ತಾಗಿತು. ಇನ್ನಷ್ಟು ಒತ್ತಿದಾಗ ಒಣಮಣ್ಣು ಉದುರಿತು. ಅದರ ಹಿಂದೆ ಇನ್ನೊಂದು ಗೋಡೆ, ಮಧ್ಯದಲ್ಲಿ ಸತ್ತ ಜೇಡಗಳು. ಕುಂಬಾರ ಹುಳ ಠಾಣೆಯ ಕೋಣೆಯಲ್ಲಿ ನನ್ನ ಕೋವಿಯೊಳಗೆ ಮನೆ ಕಟ್ಟಿತ್ತು. ನೋಡದೆ ತೋಟೆ ತುಂಬಿ ಹೊಡೆದಿದ್ದರೆ ನಳಿಗೆ ಸಿಡಿದು, ಅದರ ಕೆಳಗೆ ಇರುತ್ತಿದ್ದದ್ದು ನನ್ನ ಎಡಗೈ. ಅಮ್ಮ ಆ ಮಣ್ಣನ್ನು ಗುಡಿಸಿ ಹಾಕುತ್ತಾ, "ನಿಮ್ಮಪ್ಪ ಯಾವಾಗ್ಲೂ ಮೊದ್ಲು ಒಳಗೆ ನೋಡೋರು" ಅಂದರು.

ಮುಂದಿನ ಚುನಾವಣೆಗೆ ನಳಿಗೆಯ ಒಳಗೆ ತೆಳುವಾಗಿ ಎಣ್ಣೆ ಸವರಿ, ಎರಡು ಬಾಯಿಗೂ ಬಟ್ಟೆ ಕಟ್ಟಿ, ಸುತ್ತ ಟೇಪು ಸುತ್ತಿ, ಮೇಲೆ ಕೆಂಪು ಇಂಕಿನಲ್ಲಿ "ಬಿಚ್ಚಿ ನೋಡಿ" ಅಂತ ನನಗೇ ಒಂದು ಚೀಟಿ ಅಂಟಿಸಿ ಒಯ್ದೆ. ರೈಟರ್ ಅದನ್ನು ತಿರುಗಿಸಿ ನೋಡಿ ನಕ್ಕರು. "ಏನ್ ಸಾರ್, ಕೋವಿಗೂ ಮಾಸ್ಕ್ ಹಾಕಿದೀರಾ?" ಹುಳದ ಕಥೆ ಹೇಳಿದೆ. ಅವರು ಎದ್ದು ಒಳಗಿನ ಕೋಣೆಗೆ ಹೋಗಿ, ಗೋಡೆಗೆ ಒರಗಿಸಿದ್ದ ಉಳಿದ ಕೋವಿಗಳ ಬಾಯಿಗೆ ಟಾರ್ಚ್ ಬಿಟ್ಟು ಒಂದೊಂದಾಗಿ ನೋಡತೊಡಗಿದರು. ನಾನು ರಸೀದಿ ತಗೊಂಡು ಬಂದೆ.