ಡೈನಾಮಿಕ್ ಈಕ್ವಲೈಜರ್: ಮೊದಲು ಒಂದೇ ಬ್ಯಾಂಡ್ ಕಟ್ಟಿ

ತುಮಕೂರಿನ ಹವ್ಯಾಸಿ ಗೆಳೆಯರೇ, ಕಿರಿಚು ಬಂದಾಗ ಮಾತ್ರ ದನಿಯ ಆ ಆವರ್ತನ ಪಟ್ಟಿಯನ್ನು (ಬ್ಯಾಂಡ್) ತಗ್ಗಿಸುವ ಸರ್ಕ್ಯೂಟೇ ಡೈನಾಮಿಕ್ ಈಕ್ವಲೈಜರ್. ಹರಿಕಥೆ ಮೈಕಿನ ಕಿರಿಚು ತಗ್ಗಿಸಲು ನಾಲ್ಕು ಬ್ಯಾಂಡ್ ಒಟ್ಟಿಗೆ ಕಟ್ಟಲು ಹೋಗಬೇಡಿ. ದೋಷ ಎಲ್ಲಿದೆ ಅಂತ ಹುಡುಕೋದೇ ಕೆಲಸವಾಗುತ್ತೆ.

ಟಿಎಲ್072 ಆಪ್ ಆಂಪ್ (ವರ್ಧಕ ಐಸಿ), ±12 ವೋಲ್ಟ್ ಸಪ್ಲೈ. ಮಲ್ಟಿಪಲ್ ಫೀಡ್‌ಬ್ಯಾಕ್ ಬ್ಯಾಂಡ್‌ಪಾಸ್‌ಗೆ (ಒಂದು ಬ್ಯಾಂಡನ್ನು ಮಾತ್ರ ಬಿಡುವ ಫಿಲ್ಟರ್) ಎರಡು 4.7 ನ್ಯಾನೋಫ್ಯಾರಡ್ ಕೆಪಾಸಿಟರ್, ಇನ್‌ಪುಟ್‌ಗೆ 8.2ಕೆ (ಕಿಲೋ ಓಮ್) ರೆಸಿಸ್ಟರ್, ಫೀಡ್‌ಬ್ಯಾಕ್‌ಗೆ 15ಕೆ. ಸುಮಾರು 3 ಕಿಲೋಹರ್ಟ್ಸ್ ಬ್ಯಾಂಡ್ ಸಿಗುತ್ತೆ. ಇದರ ಔಟ್‌ಪುಟ್ ತಲೆಕೆಳಗಾಗಿರುವುದರಿಂದ ಮೂಲ ಸಿಗ್ನಲ್‌ಗೆ ಸೇರಿಸಿದರೆ ಆ ಭಾಗ ತಗ್ಗುತ್ತೆ. ಸಮ್ಮಿಂಗ್ ಆಂಪ್‌ನಲ್ಲಿ (ಎರಡೂ ಸಿಗ್ನಲ್ ಕೂಡಿಸುವ ವರ್ಧಕ) ಮೂಲಕ್ಕೂ ಫೀಡ್‌ಬ್ಯಾಕ್‌ಗೂ 10ಕೆ. ಬ್ಯಾಂಡ್‌ಗೆ 15ಕೆ ಜೊತೆ ಸರಣಿಯಲ್ಲಿ ಎಲ್‌ಡಿಆರ್, ಅಂದರೆ ಬೆಳಕು ಬಿದ್ದಷ್ಟೂ ರೋಧ ಇಳಿಯುವ ರೆಸಿಸ್ಟರ್; ಅದರ ಎದುರಿಗೆ ಒಂದು ಎಲ್‌ಇಡಿ. ಎಲ್‌ಇಡಿ ಪೂರ್ತಿ ಉರಿದಾಗ ಇಳಿತ ಸುಮಾರು 8 ಡೆಸಿಬಲ್. 15ಕೆ ಬದಲು 10ಕೆ ಹಾಕಿದರೆ 20ರ ಹತ್ತಿರ ಇಳಿದು ದನಿ ಟೊಳ್ಳಾಗುತ್ತೆ.

ಹೆಚ್ಚಿನವರು ಎಡವೋದು ಡಿಟೆಕ್ಟರ್‌ನಲ್ಲಿ, ಅಂದರೆ ಸಿಗ್ನಲ್ ಮಟ್ಟ ನೋಡಿ ಎಲ್‌ಇಡಿ ಉರಿಸುವ ಭಾಗದಲ್ಲಿ. ಅದಕ್ಕೆ ಬ್ಯಾಂಡ್‌ಪಾಸ್ ಔಟ್‌ಪುಟ್ಟೇ ಹೋಗಬೇಕು. ಪೂರ್ತಿ ಸಿಗ್ನಲ್ ಕೊಟ್ಟರೆ ತಬಲಾ ಹೊಡೆತಕ್ಕೂ ಮೇಲಿನ ದನಿ ಕುಗ್ಗುತ್ತೆ. 1ಎನ್4148 ಡಯೋಡ್ ಸುಮಾರು 0.6 ವೋಲ್ಟ್ ನುಂಗುತ್ತೆ, ಹಾಗಾಗಿ ಮೊದಲು ಹತ್ತು ಪಟ್ಟು ವರ್ಧಿಸಿ. ಆಮೇಲೆ 1 ಮೈಕ್ರೋಫ್ಯಾರಡ್, ಅದಕ್ಕೆ ಅಡ್ಡಲಾಗಿ 220ಕೆ. ಎಲ್‌ಇಡಿ ನಡೆಸಲು ಬಿಸಿ547 ಟ್ರಾನ್ಸಿಸ್ಟರ್, ಕರೆಂಟ್ ಮಿತಿಗೆ 1ಕೆ. ಎಲ್‌ಡಿಆರ್ ಕತ್ತಲಿಗೆ ನಿಧಾನವಾಗಿ ಮರಳುವುದರಿಂದ ರಿಲೀಸ್ (ತಗ್ಗಿದ ದನಿ ಮರಳುವ ವೇಗ) ಇನ್ನೂ ಚುರುಕು ಮಾಡಿ ಪ್ರಯೋಜನವಿಲ್ಲ.

ಎಲ್‌ಇಡಿ–ಎಲ್‌ಡಿಆರ್ ಜೋಡಿಯನ್ನು ಕಪ್ಪು ಹೀಟ್‌ಶ್ರಿಂಕ್‌ನಲ್ಲಿ (ಬಿಸಿ ಮಾಡಿದರೆ ಕುಗ್ಗುವ ಕೊಳವೆ) ಎರಡೂ ತುದಿ ಮುಚ್ಚಿ. ಟ್ಯೂಬ್‌ಲೈಟ್ ಬೆಳಕು ನುಸುಳಿದರೆ ಹಮ್ ಬರುತ್ತೆ. ಎಲ್‌ಇಡಿ ಗ್ರೌಂಡ್ ತಂತಿ ಬೇರೆಯಾಗಿ ಸಪ್ಲೈವರೆಗೂ ಹೋಗಲಿ, ಇಲ್ಲದಿದ್ದರೆ ಟಿಕ್ ಟಿಕ್.

ಮುಂದಿನ ಬ್ಯಾಂಡ್‌ಗೆ ಕೆಪಾಸಿಟರ್ ಮಾತ್ರ 56 ನ್ಯಾನೋ ಮಾಡಿ, 250 ಹರ್ಟ್ಸ್ ಆಸುಪಾಸು ಬರುತ್ತೆ. ಬಿಡಿಭಾಗ ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರೋಡ್ ಇದ್ದೇ ಇದೆ.