ತೆಂಗಿನ ಗರಿ ಪುಡಿ ಮಾಡೋ ಟ್ರ್ಯಾಕ್ಟರ್ ಚಿಪ್ಪರ್: ತಗೊಳೋ ಮುಂಚೆ, ತಗೊಂಡ ಮೇಲೆ

ನಮ್ಮ ತಿಪಟೂರು ಅರಸೀಕೆರೆ ಕಡೆ ಮುಂಚೆ ತೆಂಗಿನ ಗರೀಗೂ ಗಿರಾಕಿ ಇತ್ತು, ಎಡೆಮಟ್ಟೆ (ಗರಿಯ ದಪ್ಪ ಬುಡ) ಒಲೆಗೆ, ಕಡ್ಡಿ ಪೊರಕೆಗೆ, ಸೋಗೆ ಚಪ್ಪರಕ್ಕೆ. ಈಗ ಮನೆಮನೆಗೂ ಗ್ಯಾಸ್ ಬಂತು, ಚಪ್ಪರದ ಜಾಗಕ್ಕೆ ಶಾಮಿಯಾನ ಬಂತು, ಗರಿ ತೋಟದ ಮೂಲೇಲಿ ಗುಡ್ಡೆ ಬಿದ್ದಿರುತ್ತೆ, ಬೇಸಿಗೇಲಿ ಯಾರೋ ಬೀಡಿ ಸೇದಿ ಎಸೆದ್ರೆ ಡ್ರಿಪ್ ಪೈಪು ಸಮೇತ ಬೂದಿ. ಅದಕ್ಕೇ ಈಗ ಎಲ್ರೂ ಟ್ರ್ಯಾಕ್ಟರ್‌ಗೆ ಹಾಕೋ ಚಿಪ್ಪರ್ ಯಾವುದು ತಗೊಳ್ಳೋದು ಅಂತ ಕೇಳ್ತಾರೆ. ನಾವು ಮೂರು ಜನ ಸೇರಿ ಒಂದು ತಗೊಂಡು ನಾಲ್ಕು ವರ್ಷ ಆಯ್ತು, ಕೈ ಸುಟ್ಕೊಂಡು ಕಲ್ತಿದ್ದನ್ನ ಇಲ್ಲಿ ಬರೀತೀನಿ.

ಮೊದಲು ಲೆಕ್ಕ ಹಾಕಿ, ಅಂಗಡಿಗೆ ಆಮೇಲೆ ಹೋಗಿ. ಒಂದು ತೆಂಗಿನ ಮರ ತಿಂಗಳಿಗೆ ಹೆಚ್ಚುಕಮ್ಮಿ ಒಂದು ಗರಿ ಬಿಡುತ್ತೆ, ವರ್ಷಕ್ಕೆ 12. 25 ಅಡಿ ಅಂತರಕ್ಕೆ ಹಾಕಿದ್ರೆ ಎಕರೆಗೆ 70 ಮರ, ನಾಲ್ಕು ಎಕರೆಗೆ 280 ಮರ, ಅಂದ್ರೆ ವರ್ಷಕ್ಕೆ 3,360 ಗರಿ. ಕೇಳಕ್ಕೆ ದೊಡ್ಡದು. ಆದ್ರೆ ಮಿಷನ್ನಿಗೆ ನಿಮಿಷಕ್ಕೆ ಮೂರು ಗರಿ ಕೊಟ್ರೂ ಗಂಟೆಗೆ 180 ಆಯ್ತು, ಇಡೀ ವರ್ಷದ ಗರಿ 19 ಗಂಟೇಲಿ ಮುಗೀತು. ಮೂರು ದಿನದ ಕೆಲಸಕ್ಕೆ ಲಕ್ಷದ ಲೆಕ್ಕದಲ್ಲಿ ದುಡ್ಡು ಹಾಕಿ ಮಿಕ್ಕಿದ್ದು 362 ದಿನ ಅದನ್ನ ಶೆಡ್ಡಲ್ಲಿ ನಿಲ್ಲಿಸ್ತೀರಾ? ಐದಾರು ಎಕರೆ ಒಳಗಿದ್ರೆ ಬಾಡಿಗೆ ತಗೊಳಿ, ಇಲ್ಲಾ ನಮ್ಮ ಥರ ಅಕ್ಕಪಕ್ಕದ ತೋಟದವರು ಸೇರಿಕೊಳ್ಳಿ. ಹೋಬಳೀಲಿ ಯಂತ್ರ ಬಾಡಿಗೆಗೆ ಕೊಡೋ ಕೃಷಿ ಯಂತ್ರಧಾರೆ ಕೇಂದ್ರ ಇದ್ರೆ ಅಲ್ಲಿ ವಿಚಾರಿಸಿ. ಸಬ್ಸಿಡೀಲಿ ತಗೊಳೋರು ಮಿಷನ್ ಮನೆಗೆ ತಂದು ಆಮೇಲೆ ಇಲಾಖೆಗೆ ಓಡಬೇಡಿ, ಮೊದಲು ರೈತ ಸಂಪರ್ಕ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೇಲೋ ಕೇಳಿ ಅರ್ಜಿ ಹಾಕಿ, ಅವರ ಪಟ್ಟೀಲಿರೋ ಮಾಡೆಲ್ಲಿಗೆ ಮಾತ್ರ ಸಿಗೋದು.

ಏನೇ ಆಗ್ಲಿ ತಗೊಳೋ ಮುಂಚೆ ಒಂದು ದಿನ ಬಾಡಿಗೆಗೆ ತಂದು ನಿಮ್ಮ ತೋಟದ ಕಸವನ್ನೇ ಹಾಕಿ ನೋಡಿ. ಕೃಷಿ ಮೇಳದಲ್ಲಿ ಡೆಮೊಗೆ ಅವರು ಹಾಕೋದು ಹಸಿ ಗ್ಲಿರಿಸೀಡಿಯಾ ಕೊಂಬೆ, ಅದು ಸೌತೆಕಾಯಿ ಥರ ಹೋಗುತ್ತೆ. ನಿಮ್ಮ ಹತ್ರ ಇರೋದು ಒಣಗಿದ ಎಡೆಮಟ್ಟೆ, ನಾರು, ಕುರಂಬಾಳೆ.

ಮಿಷನ್ನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಬ್ಲೇಡಿಂದು, ಭಾರದ ಚಕ್ರಕ್ಕೋ ಡ್ರಮ್ಮಿಗೋ ಎರಡರಿಂದ ನಾಲ್ಕು ಬ್ಲೇಡ್ ಕೂರಿಸಿರ್ತಾರೆ, ಎದುರಿಗೆ ಒಂದು ನಿಂತ ಬ್ಲೇಡ್ ಇರುತ್ತೆ, ಎರಡರ ಮಧ್ಯೆ ಸಿಕ್ಕಿದ್ದು ಕತ್ತರಿಗೆ ಸಿಕ್ಕಂಗೆ ಚಿಪ್ಸ್ ಆಗುತ್ತೆ. ಇನ್ನೊಂದು ಸುತ್ತಿಗೆ ಥರದ್ದು, ಒಳಗೆ ಹ್ಯಾಮರ್ ತಿರುಗಿ ಜಜ್ಜಿ ಪುಡಿ ಮಾಡಿ ಜರಡಿಯಿಂದ ಆಚೆ ಬಿಡುತ್ತೆ. ಪುಡಿ ನುಣ್ಣಗೆ ಬೇಕು, ಎರೆಗೊಬ್ಬರಕ್ಕೆ ಹಾಕ್ತೀನಿ ಅನ್ನೋರಿಗೆ ಹ್ಯಾಮರ್ ಚೆನ್ನಾಗೇ ಇದೆ, ಆದ್ರೆ ಹಸಿ ಗರಿ, ಅಡಿಕೆ ಪಟ್ಟೆ ಹಾಕಿದ್ರೆ ಜರಡಿ ಕಟ್ಕೊಂಡು ಅರ್ಧ ದಿನ ಅದನ್ನ ಬಿಚ್ಚಿ ಕೆರೆಯೋದೇ ಕೆಲಸ. ಬುಡಕ್ಕೆ ಮುಚ್ಚಿಗೆ ಹಾಕೋಕೆ ಮಾತ್ರ ಆದ್ರೆ ಬ್ಲೇಡಿಂದೇ ಸಾಕು. ಎರಡೂ ಸೇರಿರೋದೂ ಬರುತ್ತೆ, ಅದಕ್ಕೆ ಶಕ್ತಿ ಜಾಸ್ತಿ ಬೇಕು.

ಎಚ್‌ಪಿ ವಿಷಯದಲ್ಲಿ ಎಲ್ರೂ ಮೋಸ ಹೋಗೋದು ಒಂದೇ ಕಡೆ. ಬಾನೆಟ್ ಮೇಲೆ ಬರೆದಿರೋದು ಇಂಜಿನ್ ಎಚ್‌ಪಿ, ಹಿಂದಿನ ಪಿಟಿಒಗೆ (ಮಿಷನ್ ಓಡಿಸಕ್ಕೆ ಟ್ರ್ಯಾಕ್ಟರ್ ಹಿಂದೆ ಇರೋ ತಿರುಗೋ ದಂಡ) ಬರೋದು ಅದರ ನೂರಕ್ಕೆ 85ರಷ್ಟು. 45 ಎಚ್‌ಪಿ ಗಾಡಿಗೆ 38 ಸಿಕ್ಕುತ್ತೆ, 24ರ ಮಿನಿ ಟ್ರ್ಯಾಕ್ಟರ್‌ಗೆ 20. ಚಿಪ್ಪರ್‌ನೋರು 35 ಎಚ್‌ಪಿ ಬೇಕು ಅಂದಾಗ ಯಾವ ಎಚ್‌ಪಿ ಅಂತ ಕೇಳಿ. ಹಂಗೇ ಆರು ಇಂಚಿನ ಮಿಷನ್ ಅಂದ್ರೆ ಆರು ಇಂಚಿನ ಮರ ದಿನವಿಡೀ ಕಡಿಯುತ್ತೆ ಅಂತಲ್ಲ, ಬಾಯಿ ಅಷ್ಟಗಲ ಇದೆ ಅಂತ. ಜಾಲಿ ಥರದ ಗಟ್ಟಿ ಮರಕ್ಕೆ ನಾನು ಅದರ ಅರ್ಧ ಲೆಕ್ಕ ಹಾಕೋದು. ಅಡಿಕೆ ತೋಟದವರಿಗೆ ಇನ್ನೊಂದು ತಾಪತ್ರಯ, ಒಂಬತ್ತು ಅಡಿ ಸಾಲಲ್ಲಿ ದೊಡ್ಡ ಗಾಡಿ ಹಿಂದೆ ಚಿಪ್ಪರ್ ಕಟ್ಕೊಂಡು ತಿರುಗಿಸಕ್ಕೇ ಆಗಲ್ಲ, ಒಂದೋ ಮಿನಿ ಟ್ರ್ಯಾಕ್ಟರ್‌ಗೆ ಹೊಂದೋ ಚಿಕ್ಕ ಮಿಷನ್ ನೋಡಿ, ಇಲ್ಲಾ ಕಸವನ್ನೇ ದಾರಿಗೆ ಹೊತ್ತು ಹಾಕಬೇಕು.

ಅಂಗಡೀಲಿ ಬಣ್ಣ ನೋಡಬೇಡಿ, ಬ್ಲೇಡ್ ನೋಡಿ. ಬ್ಲೇಡ್ ಬಿಚ್ಚಕ್ಕೆ ಎಷ್ಟು ಬೋಲ್ಟು, ಮುಚ್ಚಳ ತೆಗೆದ್ರೆ ಸ್ಪ್ಯಾನರ್ ಆಡಿಸಕ್ಕೆ ಜಾಗ ಇದೆಯಾ, ಬೇರಿಂಗ್ ನಂಬರ್ ಊರಿನ ಅಂಗಡೀಲಿ ಸಿಗೋದಾ ಅಂತ ವಿಚಾರಿಸಿ. ಗರಿ ಹಾಕೋ ಬಾಯಿ ಉದ್ದ ಇರಬೇಕು, ಕೈ ನೀಟಿದ್ರೂ ಬ್ಲೇಡ್ ಮುಟ್ಟಬಾರದು ಅಷ್ಟು. ದುಡ್ಡಿದ್ರೆ ರೋಲರ್ ಎಳ್ಕೊಳೋದನ್ನೇ ತಗೊಳಿ, ರಿವರ್ಸ್ ಇರುತ್ತೆ, ಸಿಕ್ಕಿಹಾಕಿಕೊಂಡಿದ್ದನ್ನ ವಾಪಸ್ ಉಗುಳುತ್ತೆ.

ಈಗ ಶಾಫ್ಟ್, ಅಂದ್ರೆ ಪಿಟಿಒದಿಂದ ಚಿಪ್ಪರ್‌ಗೆ ಕಟ್ಟೋ, ಒಂದರೊಳಗೊಂದು ಜಾರೋ ಎರಡು ಪೈಪಿನ ದಂಡ. ಹೊಸ ಪಿಟಿಒ ಶಾಫ್ಟ್ ನಿಮ್ಮ ಗಾಡಿಗೆ ಅಳತೆ ಮಾಡಿ ಬರಲ್ಲ. ಉದ್ದ ಇದ್ರೆ ಹೈಡ್ರಾಲಿಕ್ ಎತ್ತಿಳಿಸುವಾಗ ಗೇರ್‌ಬಾಕ್ಸಿಗೆ ಒದ್ದು ಸೀಲು ಬೇರಿಂಗ್ ಎಲ್ಲಾ ಹಾಳು, ಗಿಡ್ಡ ಇದ್ರೆ ಓಡ್ತಾ ಓಡ್ತಾ ಬಿಟ್ಕೊಂಡು ಬೀಸುತ್ತೆ, ಎರಡನೇದು ಜೀವಕ್ಕೇ ಕುತ್ತು. ಹತ್ತಿರ ಬಂದಾಗಲೂ ತುದಿ ತಗುಲದೆ ಒಂದಿಂಚಾದ್ರೂ ಸಂದು ಉಳೀಬೇಕು, ದೂರ ಹೋದಾಗಲೂ ಒಂದರೊಳಗೊಂದು ಮೂರನೇ ಒಂದು ಭಾಗ ಕೂತಿರಬೇಕು, ಅದಕ್ಕೆ ತಕ್ಕಂಗೆ ಎರಡೂ ಪೈಪ್, ಮೇಲಿನ ಪ್ಲಾಸ್ಟಿಕ್ ಗಾರ್ಡ್ ಸಮಸಮ ಕುಯ್ಸಿ. ಕೂರಿಸಿದ ಮೇಲೆ ಪಿನ್ ಟಕ್ ಅಂತ ಕೂತಿದೆಯಾ ಅಂತ ಒಂದ್ಸಲ ಎಳೆದು ನೋಡಿ.

ಪ್ಲಾಸ್ಟಿಕ್ ಗಾರ್ಡನ್ನ ನಮ್ಮೋರು ಮೊದಲನೇ ವಾರದಲ್ಲೇ ಕಿತ್ತು ಬಿಸಾಡ್ತಾರೆ, ಗ್ರೀಸ್ ಹೊಡಿಯೋಕೆ ಅಡ್ಡ ಅಂತ. ಶಾಫ್ಟ್ ತಿರುಗೋದು ನಿಮಿಷಕ್ಕೆ 540 ಸುತ್ತು, ಅಂದ್ರೆ ಸೆಕೆಂಡಿಗೆ ಒಂಬತ್ತು ಸುತ್ತು ಸ್ವಾಮಿ. ಹೆಗಲ ಮೇಲಿನ ಟವಲ್ ಚುಂಗು ತಗುಲಿದ್ರೆ ಅಯ್ಯೋ ಅನ್ನೋಷ್ಟರಲ್ಲಿ ಆಳನ್ನೇ ಎಳ್ಕೊಳುತ್ತೆ. ಟವಲ್, ಲುಂಗಿ, ಪಂಚೆ, ನೇತಾಡೋ ಸೆರಗು ಯಾವುದೂ ಹತ್ರ ಬರಬಾರದು, ಪ್ಯಾಂಟು ಶರ್ಟು ಬೂಟು, ಕಣ್ಣಿಗೆ ಕನ್ನಡಕ, ಕಿವಿಗೆ ಏನಾದ್ರೂ. ಓಡ್ತಿರೋ ಶಾಫ್ಟ್ ದಾಟಿ ಆಚೆ ಹೋಗಬೇಡಿ, ಸುತ್ತಿ ಬನ್ನಿ.

ಓಡಿಸೋದು ಹಿಂಗೆ. ಮಟ್ಟದ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಿ ಮಿಷನ್ ನೆಲಕ್ಕೆ ಇಳಿಸಿ. ಪುಡಿ ಬೀಳೋ ಬಾಯಿ ಗಾಳಿ ಹೋಗೋ ಕಡೆಗೆ, ಟ್ರ್ಯಾಕ್ಟರ್‌ಗೆ ದೂರ ತಿರುಗಿರಲಿ, ಇಲ್ಲಾಂದ್ರೆ ಧೂಳು ರೇಡಿಯೇಟರ್ ಜಾಲರಿಗೆ ಮೆತ್ಕೊಂಡು ಒಂದು ಗಂಟೇಲಿ ಮುಳ್ಳು ಕೆಂಪಿಗೆ ಹೋಗುತ್ತೆ. ಇಂಜಿನ್ ನಿಧಾನ ಇದ್ದಾಗಲೇ ಪಿಟಿಒ ಹಾಕಿ, ಆಮೇಲೆ ಮೆಲ್ಲಗೆ ರೇಸ್ ಏರಿಸಿ ಮೀಟರಲ್ಲಿ 540 ಗುರುತಿಗೆ ತನ್ನಿ. ರಿವರ್ಸ್ ಪಿಟಿಒ ಇರೋ ಗಾಡಿ ಆದ್ರೆ ಲಿವರ್ ಎರಡು ಸಲ ನೋಡ್ಕೊಳಿ. ಒಂದು ನಿಮಿಷ ಖಾಲಿ ಓಡಲಿ, ಆ ಸದ್ದು ಕಿವೀಲಿ ಕೂರಲಿ, ಯಾಕಂದ್ರೆ ಮುಂದಿನ ಕೆಲಸ ಎಲ್ಲಾ ಆ ಸದ್ದಿನ ಮೇಲೇ.

ಎಡೆಮಟ್ಟೆ ಮುಂದಾಗಿ ಕೊಡಿ, ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು. ಮಿಷನ್ ಹಿಡ್ಕೊಂಡ ತಕ್ಷಣ ಕೈ ಬಿಡಿ. ಸದ್ದು ದಪ್ಪ ಆಗಿ ಗಾಡಿ ಒದ್ದಾಡಿದ್ರೆ ಮುಂದಿನ ಗರಿ ತಡೀರಿ, ಮತ್ತೆ ಸುತ್ತು ಮೇಲೆ ಬರಲಿ. ತುಂಡು ಒಳಗೆ ಹೋಗದೆ ಕುಣೀತಿದ್ರೆ ಇನ್ನೊಂದು ಗರಿಯಿಂದ ತಳ್ಳಿ, ಕೈಯಿಂದ ಕಾಲಿಂದ ಯಾವತ್ತೂ ಬೇಡ. ತೀರಾ ಒಣಗಿದ್ದಕ್ಕಿಂತ ಬಿದ್ದು ಒಂದೆರಡು ವಾರ ಆದ ಗರಿ ಸಲೀಸು. ಕಟ್ಕೊಂಡ್ರೆ ಪಿಟಿಒ ಬಿಡಿಸಿ, ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕ್ಕೊಂಡು, ಚಕ್ರ ಪೂರ್ತಿ ನಿಲ್ಲೋವರೆಗೂ ಕಾಯಿರಿ. ಭಾರದ ಚಕ್ರ, ಇಂಜಿನ್ ನಿಂತ ಮೇಲೂ ಸುಮ್ಮನೆ ಸದ್ದಿಲ್ಲದೆ ತಿರುಗ್ತಾ ಇರುತ್ತೆ, ಅದೇ ಜಾಸ್ತಿ ಅಪಾಯ.

ಗುಡ್ಡೇನ ಮೊದಲೇ ಒಂದ್ಸಲ ಕೆದಕಿ ನೋಡಿ. ನಮ್ಮ ಗುಡ್ಡೇಲಿ ಒಂದ್ಸಲ ಯಾರೋ ಮರೆತ ಕುಡುಗೋಲು ಇತ್ತು, ಠಣ್ ಅಂತ ಶಿಯರ್ ಬೋಲ್ಟ್ ಕಟ್ಟಾಗಿ ಮಿಷನ್ ನಿಲ್ತು, ನಷ್ಟ ಆಗಿದ್ದು ಬೋಲ್ಟು ಮತ್ತೆ ಒಂದು ಬ್ಲೇಡು ಅಷ್ಟೇ. ಆದ್ರೆ ನಮ್ಮ ಭಾವ ಪದೇಪದೇ ಯಾರು ಬೋಲ್ಟ್ ಹಾಕ್ತಾರೆ ಅಂತ ತಲೆ ಮೇಲೆ 10.9 ಅಂತ ಬರೆದಿರೋ ಗಟ್ಟಿ ಬೋಲ್ಟ್ ತಂದು ಬಿಗಿದ್ರು. ಮುಂದಿನ ತಿಂಗಳು ಡ್ರಿಪ್ ಗೂಟ ಕಟ್ಟಿದ್ದ ಕಬ್ಬಿಣದ ಸರಳು ಒಳಗೆ ಹೋಯ್ತು, ಬೋಲ್ಟ್ ಮುರೀಲಿಲ್ಲ, ಗೇರ್‌ಬಾಕ್ಸ್ ಹಲ್ಲು ಮುರೀತು. ಆ ಬೋಲ್ಟ್ ಇರೋದೇ ಮುರಿಯೋಕೆ. ಕಂಪನಿ ಹೇಳಿದ ಅಳತೆ, ಅದೇ ಗ್ರೇಡು, ಒಂದು ಹತ್ತು ಟೂಲ್ ಬಾಕ್ಸಲ್ಲಿ ಹಾಕ್ಕೊಂಡಿರಿ.

ಬ್ಲೇಡ್ ಮೊಂಡಾಗೋದು ಗರಿಗಿಂತ ಜಾಸ್ತಿ ಗರಿಗೆ ಅಂಟಿರೋ ಮಣ್ಣಿಂದ, ಅದಕ್ಕೆ ಗರಿ ನೆಲದ ಮೇಲೆ ಎಳ್ಕೊಂಡು ಬರಬೇಡಿ. ಚಿಪ್ಸ್ ಬದಲು ನಾರು ನಾರಾಗಿ ಬಂದ್ರೆ ಸಾಣೆ ಹಿಡಿಸೋ ಟೈಮ್ ಬಂತು ಅಂತ. ಮೊದಲಿದ್ದ ಕೋನದಲ್ಲೇ ಹಿಡೀಬೇಕು, ನೀರಲ್ಲಿ ಅದ್ದಿ ಅದ್ದಿ, ಬಿಸಿಯಾಗಿ ನೀಲಿ ಬಣ್ಣ ತಿರುಗಿದ್ರೆ ಆ ಬ್ಲೇಡಿನ ಹದ ಹೋಯ್ತು. ಒಂದನ್ನ ಜಾಸ್ತಿ ಇನ್ನೊಂದನ್ನ ಕಮ್ಮಿ ಉಜ್ಜಿಸಿದ್ರೆ ತೂಕ ತಪ್ಪಿ ಮಿಷನ್ ಅದುರಕ್ಕೆ ಶುರು, ಕಿರಾಣಿ ಅಂಗಡಿ ತಕ್ಕಡೀಲಿ ತೂಗಿ ನೋಡಿ ಹಾಕಿ. ಹಾಕುವಾಗ ಶಾಫ್ಟ್ ಬಿಚ್ಚಿಟ್ಟು ನಿಂತ ಬ್ಲೇಡಿಗೂ ತಿರುಗೋ ಬ್ಲೇಡಿಗೂ ಸಂದು ಸರಿ ಮಾಡಿ. ನಮ್ಮದಕ್ಕೆ ಒಂದೂವರೆ ಎಂಎಂ, ಹಳೇ ಎಟಿಎಂ ಕಾರ್ಡ್ ಎರಡು ಜೋಡಿಸಿ ಮಧ್ಯೆ ತೂರಿಸ್ತೀವಿ, ತೂರಿ ಸ್ವಲ್ಪ ಬಿಗಿ ಅನ್ನಿಸಿದ್ರೆ ಸರಿ. ನಿಮ್ಮದಕ್ಕೆ ಪುಸ್ತಕದಲ್ಲಿ ಎಷ್ಟಿದೆ ನೋಡ್ಕೊಳಿ.

ಪುಡಿಯನ್ನ ಪಾತಿಗೆ ಮೂರ್ನಾಲ್ಕು ಇಂಚು ಹರಡಿ, ಬುಡಕ್ಕೆ ತಾಗಿಸದೆ. ಮಣ್ಣೊಳಗೆ ಸೇರಿಸಿ ಉಳಬೇಡಿ, ಕೊಳೆಯೋಕೆ ಸಾರಜನಕ ಎಳ್ಕೊಂಡು ಗಿಡ ಹಳದಿಯಾಗುತ್ತೆ. ಗುಡ್ಡೆ ಹಾಕಿ ಕೊಳೆಸೋರು ಸಗಣಿ ಬಗ್ಗಡ ಹಾಕ್ತಾ ಆವಾಗಾವಾಗ ತಿರುವಿ, ಬಿಟ್ರೆ ಸುಳಿ ಕೊರೆಯೋ ದುಂಬಿ ಬಂದು ಮೊಟ್ಟೆ ಇಟ್ಟು ಗೊಣ್ಣೆಹುಳ ಸಾಕೋ ಕೇಂದ್ರ ಆಗುತ್ತೆ. ಅಣಬೆ ರೋಗದಲ್ಲಿ ಹೋದ ಮರ, ಎಲೆಚುಕ್ಕಿ ಬಂದ ಅಡಿಕೆ ಸೋಗೆ ಮಿಷನ್ನಿಗೆ ಹಾಕಿ ತೋಟಕ್ಕೆಲ್ಲಾ ಹಂಚಬೇಡಿ, ಸುಟ್ಟುಬಿಡಿ.

ಕೆಲಸ ಮುಗಿದ ಮೇಲೆ ಒಳಗೆ ಸುತ್ತಿರೋ ನಾರು ಪೂರ್ತಿ ಬಿಡಿಸಿ, ಬೇರಿಂಗ್ ಪಕ್ಕ ಸುತ್ಕೊಂಡ ನಾರು ಸೀಲನ್ನೇ ಕಿತ್ತು ಹಾಕುತ್ತೆ. ಬೆಲ್ಟ್ ಸಡಿಲ ಮಾಡಿ, ಬ್ಲೇಡಿಗೆ ಹಳೇ ಇಂಜಿನ್ ಆಯಿಲ್ ಸವರಿ, ಬಾಯಿಗೆ ಗೋಣಿಚೀಲ ಕಟ್ಟಿ ಇಡಿ. ಚೀಲ ಯಾಕೆ ಅಂದ್ರೆ ಹೋದ ವರ್ಷ ನಾವು ಕಟ್ಟಿರಲಿಲ್ಲ, ಆರು ತಿಂಗಳಾದ ಮೇಲೆ ತೆಗೆದು ಪಿಟಿಒ ಹಾಕಿದ್ವಿ, ಒಳಗೆ ಕಣಜ ಗೂಡು ಕಟ್ಟಿತ್ತು. ಟ್ರ್ಯಾಕ್ಟರ್ ಅಲ್ಲೇ ಆನ್ ಇತ್ತು, ನಾವು ಮೂರೂ ಜನ ಕೆರೆ ಏರಿ ಮೇಲಿದ್ವಿ.