ಗ್ರೌಟ್ ನೂರೈವತ್ತು ಮೀಟರ್ ಹೋಗಬೇಕಾದರೆ

ಉಪ್ಪಳದ ಹತ್ತಿರ ರಾಷ್ಟ್ರೀಯ ಹೆದ್ದಾರಿ 66ರ ಅಡಿಯಿಂದ ನೀರಿನ ಪೈಪು ದಾಟಿಸುವ ಕೆಲಸ ನಡೆಯುತ್ತಿತ್ತು. ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡೂವರೆ. ಗ್ರೌಟ್, ಅಂದರೆ ನೀರಿನಲ್ಲಿ ಕಲಸಿದ ತೆಳು ಸಿಮೆಂಟು, ತಳ್ಳುವ ಪಂಪಿನ ಗೇಜಿನ ಮುಳ್ಳು 12 ಕಿಲೋದಲ್ಲಿ (ಚದರ ಸೆಂಟಿಮೀಟರಿಗೆ) ನಿಂತಿತ್ತು. ಆಚೆ ತುದಿಯಲ್ಲಿ ಬಕೆಟ್ ಹಿಡಿದು ಕುಳಿತ ಹುಡುಗನಿಗೆ ಸಿಕ್ಕಿದ್ದು ಒಂದು ಚೊಂಬು ಕಲಕು ನೀರು. "ಇನ್ನೂ ಸ್ವಲ್ಪ ಏರಿಸಿ" ಎಂದರು ಮೇಸ್ತ್ರಿ. ಏರಿಸಿದರು. ನಡುವಿನ ಜೋಡಣೆಯೊಂದು ಕಿತ್ತುಹೋಗಿ, ಸಿಮೆಂಟಿನ ಪಿಚಕಾರಿ ರಸ್ತೆ ಬದಿಯ ಅಂಗಡಿಯಲ್ಲಿ ತೂಗುಹಾಕಿದ್ದ ನೇಂದ್ರ ಗೊನೆಗೆ ಬಡಿಯಿತು. ಅಂಗಡಿಯವರಿಗೆ ಗೊನೆಯ ದುಡ್ಡು ಎಣಿಸಿ ಕೊಟ್ಟದ್ದೊಂದೇ ಆ ದಿನ ಪೂರ್ತಿಯಾದ ಕೆಲಸ.

ಮಂಜೇಶ್ವರದಿಂದ ಕಾಞಂಗಾಡಿನವರೆಗೆ ಇದೇ ತಪ್ಪನ್ನು ಬೇರೆ ಬೇರೆ ಜನ ಮಾಡುವುದನ್ನು ನೋಡಿದ್ದೇನೆ. ರಸ್ತೆಯ ಅಡಿಗೆ ಮೊದಲು ದಪ್ಪನೆಯ ಕೇಸಿಂಗ್ ಪೈಪು ತೂರಿಸಿ, ಅದರೊಳಗೆ ನೀರಿನ ಪೈಪು ಎಳೆದು, ನಡುವಿನ ಸಂದನ್ನು ಸಿಮೆಂಟ್ ಗ್ರೌಟಿನಿಂದ ತುಂಬುವುದು ಕ್ರಮ. ನಮ್ಮಲ್ಲಿ ಮೇಲೆ ಮುರಕಲ್ಲು (ತೂತು ತೂತಾದ ಕೆಂಪು ಕಲ್ಲು), ಅದರ ಅಡಿಯಲ್ಲಿ ಶೇಡಿ ಎಂಬ ಮೆತ್ತನೆಯ ಜೇಡಿ ಮಣ್ಣು. ಮಳೆಗಾಲದಲ್ಲಿ ಶೇಡಿ ನೀರು ಕುಡಿದು ಸಡಿಲವಾಗಿ, ಎಲ್ಲಿ ಖಾಲಿ ಜಾಗ ಸಿಕ್ಕಿತೋ ಅಲ್ಲಿಗೆ ಇಳಿಯುತ್ತದೆ, ಮೇಲಿನ ರಸ್ತೆ ಕುಸಿಯುತ್ತದೆ. ಆದ್ದರಿಂದ ಸಂದು ಬಿಡುವಂತಿಲ್ಲ. ವಾಹನಗಳ ನಡುವೆ ಯಂತ್ರ ಇಡುವಂತೆಯೂ ಇಲ್ಲ. ಯಂತ್ರ ಯಾರದೋ ಅಂಗಳದಲ್ಲಿ, ಕೆಲಸ ನೂರೈವತ್ತು ಮೀಟರ್ ದೂರದಲ್ಲಿ.

ಮೊದಲು ಲೆಕ್ಕ. ಕೇರಳದಲ್ಲಿ ಈ ಹೆದ್ದಾರಿಯ ಅಗಲ 45 ಮೀಟರ್. ಒಳವ್ಯಾಸ 300 ಮಿ.ಮೀ. ಇರುವ ಕೇಸಿಂಗಿನೊಳಗೆ 160 ಮಿ.ಮೀ. ಪೈಪು ಇದ್ದರೆ ಮೀಟರಿಗೆ ಸುಮಾರು 50 ಲೀಟರ್ ಸಂದು, ಒಟ್ಟು 2,280 ಲೀಟರ್ ಗ್ರೌಟ್. ಐವತ್ತು ಕಿಲೋ ಚೀಲಕ್ಕೆ ಇಪ್ಪತ್ತೆರಡೂವರೆ ಲೀಟರ್ ನೀರು ಹಾಕಿದರೆ ಸಿಗುವುದು 38 ಲೀಟರ್. ಅಲ್ಲಿಗೆ 60 ಚೀಲ. ಸಾಗಿಸುವ ಪೈಪಿನೊಳಗೇ ಉಳಿಯುವುದಕ್ಕೆ ಇನ್ನು ನಾಲ್ಕೈದು. ನಾನಾದರೆ 75 ಚೀಲ ತರಿಸಿ ಇಟ್ಟುಕೊಂಡೇ ಸ್ವಿಚ್ ಹಾಕುವವನು; ಅರ್ಧದಲ್ಲಿ ಬೈಕ್ ಹತ್ತಿ ಸಿಮೆಂಟಿಗೆ ಓಡಿದವರು ಮಾರನೆಯ ದಿನ ಪೈಪು ಕತ್ತರಿಸುತ್ತಾ ಕುಳಿತಿರುತ್ತಾರೆ.

ಒಳಗಿನ ಪೈಪು ತೇಲುತ್ತದೆ ಎಂಬುದು ಬಹಳ ಜನರಿಗೆ ಹೊಳೆಯುವುದಿಲ್ಲ. ಗ್ರೌಟ್ ನೀರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಪೈಪಿನಲ್ಲಿ ನೀರು ತುಂಬಿಟ್ಟರೂ ಪ್ರತಿ ಮೀಟರನ್ನು 18 ಕಿಲೋ ಬಲ ಮೇಲಕ್ಕೆ ಒತ್ತುತ್ತಿರುತ್ತದೆ. ನೀರನ್ನೂ ತುಂಬಿ, ಪೈಪನ್ನು ನಡುವಿನಲ್ಲೇ ಹಿಡಿದಿಡುವ ಸ್ಪೇಸರುಗಳನ್ನೂ ಸುತ್ತ ಕಟ್ಟಿ.

ಇನ್ನು ಸಾಗಿಸುವ ಲೈನು. ನೂರೈವತ್ತು ಮೀಟರಿಗೆ ಒಂದೂವರೆ ಇಂಚಿನದ್ದು ಸರಿ. ಒಂದು ಇಂಚಿನದಾದರೆ ತಳ್ಳುವ ಒತ್ತಡ ಹಲವು ಪಟ್ಟು ಏರುತ್ತದೆ. ಮೂರು ಇಂಚಿನದಾದರೆ ಗ್ರೌಟ್ ಬಸವನ ಹುಳುವಿನಂತೆ ತೆವಳಿ ಸಿಮೆಂಟು ದಾರಿಯಲ್ಲೇ ತಳ ಕೂರುತ್ತದೆ. ಮೊಣಕೈ ತಿರುವುಗಳನ್ನು ಬಿಟ್ಟು ದೊಡ್ಡ ಬಳುಕಿನಲ್ಲಿ ಹಾಸಿ. ಏರು ಇದ್ದರೆ ಪ್ರತಿ ಹತ್ತು ಮೀಟರ್ ಎತ್ತರಕ್ಕೆ ಸುಮಾರು 1.9 ಕಿಲೋ ಒತ್ತಡ ಸೇರಿಸಿಕೊಳ್ಳಿ.

ಎಲ್ಲರೂ ಎಡವುವುದು ಜೋಡಣೆಗಳಲ್ಲಿ. ಸೈಕಲ್ ಟ್ಯೂಬ್ ಸುತ್ತಿ, ಕಟ್ಟುತಂತಿ ಬಿಗಿದು "ಸ್ವಲ್ಪ ಜಿನುಗುತ್ತದೆ, ಪರವಾಗಿಲ್ಲ" ಎನ್ನುತ್ತಾರೆ. ಜಿನುಗುವುದು ಗ್ರೌಟ್ ಆಗಿದ್ದರೆ ನಿಜಕ್ಕೂ ಪರವಾಗಿಲ್ಲ. ಆದರೆ ಕೂದಲೆಳೆಯ ಸಂದಿನಿಂದ ಹೊರಗೆ ಹೋಗುವುದು ನೀರು ಮಾತ್ರ. ಗಂಜಿ ಬಸಿದಂತೆ: ತೆಳಿ ಹೊರಗೆ, ಅಗುಳು ಒಳಗೆ. ಅಲ್ಲಿ ಉಳಿದ ಸಿಮೆಂಟು ಒತ್ತಡಕ್ಕೆ ಅಂಟಿ, ಅರ್ಧ ಗೇಣಿನಷ್ಟು ಉದ್ದದ ಬಿರಡೆಯಾಗುತ್ತದೆ. ಹಿಂದಿನಿಂದ ಜೋರಾಗಿ ಒತ್ತಿದಷ್ಟೂ ಆ ಬಿರಡೆಯಿಂದ ಇನ್ನಷ್ಟು ನೀರು ಹಿಂಡುತ್ತದೆ, ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಉಪ್ಪಳದಲ್ಲಿ ಕೊಯ್ದು ನೋಡಿದಾಗ ಸಿಕ್ಕಿದ ಬಿರಡೆಯನ್ನು ಉಗುರಿನಿಂದ ಗೀಚಿದರೆ ಒಣ ಪುಡಿ ಉದುರುತ್ತಿತ್ತು. ಅದರ ಹಿಂದೆ ಎರಡೇ ಅಡಿ ದೂರದ ಗ್ರೌಟ್ ಇನ್ನೂ ನೀರುದೋಸೆಯ ಹಿಟ್ಟಿನಂತೆ ಹರಿಯುತ್ತಿತ್ತು. ಆದ್ದರಿಂದ ರಬ್ಬರ್ ವಾಷರಿನ ಕಬ್ಬಿಣದ ಕ್ಲಾಂಪುಗಳನ್ನೇ ಹಾಕಿ. ಬರೀ ನೀರು ತುಂಬಿಸಿ, ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಿಸಿ, ಪ್ರತಿ ಜೋಡಣೆಯ ಅಡಿಯಲ್ಲೂ ಕೈಯಾಡಿಸಿ. ಕೈ ಒದ್ದೆಯಾದರೆ ಬಿಚ್ಚಿ ಮತ್ತೆ ಕಟ್ಟಿ. ಇದಕ್ಕೆ ಒಂದು ಗಂಟೆ ಹಿಡಿಯುತ್ತದೆ, ಮೇಸ್ತ್ರಿಗಳಿಗೆ ಮುಖ ಸಿಂಡರಿಸಲು ಅದಕ್ಕಿಂತ ಹೆಚ್ಚು ಹೊತ್ತು ಸಿಗುತ್ತದೆ. ಸಿಂಡರಿಸಲಿ.

ಬೇಸಿಗೆಯಲ್ಲಿ ಲೈನಿನ ಮೇಲೆ ಒದ್ದೆ ಗೋಣಿ ಹಾಸಿ. ಕಪ್ಪು ಹೋಸು ಬಿಸಿಲಿಗೆ ಮುಟ್ಟಲಾಗದಷ್ಟು ಕಾಯುತ್ತದೆ, ಸಿಮೆಂಟು ಅವಧಿಗೆ ಮುನ್ನ ಬಿಗಿಯುತ್ತದೆ. ನನ್ನನ್ನು ಕೇಳಿದರೆ ಬೆಳಿಗ್ಗೆ ಆರಕ್ಕೆ ಶುರುಮಾಡಿ.

ಕಲಸುವುದು ಸುಲಭ: ಮೊದಲು ಡ್ರಮ್ಮಿಗೆ ಅಳೆದ ನೀರು, ಆಮೇಲೆ ಸಿಮೆಂಟ್, ಮೂರು ನಾಲ್ಕು ನಿಮಿಷ ಯಂತ್ರದ ತಿರುಗಣೆ, ಸಣ್ಣ ಜಾಲರಿಯಲ್ಲಿ ಸೋಸುವುದು. ಮಳೆಗಾಲದಲ್ಲಿ ಹೆಪ್ಪುಗಟ್ಟಿದ ಚೀಲವನ್ನು ಕುಟ್ಟಿ ಪುಡಿಮಾಡಿ ಹಾಕುವ ಜಾಣತನ ಬೇಡ. ನೀರು ಹೆಚ್ಚು ಹಾಕಿ ತೆಳುಮಾಡುವ ದಾರಿಯಂತೂ ಬೇಡವೇ ಬೇಡ. ಹೋಗುವುದೇನೋ ಸಲೀಸಾಗಿ ಹೋಗುತ್ತದೆ, ಒಳಗೆ ಸಿಮೆಂಟು ತಳ ಕೂತು ಮೇಲೆ ನೀರು ನಿಂತು, ನೀರು ಇಂಗಿದ ಮೇಲೆ ಮತ್ತದೇ ಸಂದು. ಜಾರಲಿ ಎಂದು ಸೋಪಿನ ಪುಡಿ ಸೇರಿಸಿದವರನ್ನೂ ಕಂಡಿದ್ದೇನೆ, ನೊರೆ ಮಾತ್ರ ಜಾರಿತು. ಬೇಕಿದ್ದರೆ ನೀರು ಹೆಚ್ಚಿಸದೆಯೇ ಗ್ರೌಟನ್ನು ಸಲೀಸಾಗಿ ಹರಿಸುವ ಪ್ಲಾಸ್ಟಿಸೈಸರ್ ಬಳಸಿ, ಆದರೆ ಹೆಸರು, ಪ್ರಮಾಣ, ತಯಾರಿಸಿದ ದಿನಾಂಕ ಮುದ್ರಿಸಿರುವ ಡಬ್ಬಿಯದ್ದೇ ಆಗಿರಲಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಡಿಯಾಗಿ ಮಾರುವ 'ಕುಗ್ಗದ ಪುಡಿ'ಗೆ ಕೈ ಹಾಕಬೇಡಿ.

ಪಂಪು ನಿಮಿಷಕ್ಕೆ 25 ಲೀಟರ್ ತಳ್ಳಿದರೆ ಎರಡು ಚೀಲದ ಗ್ರೌಟ್ ಮೂರೇ ನಿಮಿಷಕ್ಕೆ ಮುಗಿಯುತ್ತದೆ. ಆದ್ದರಿಂದ ಕಲಸಲು ಎರಡು ಡ್ರಮ್, ಕಲಸಿದ್ದನ್ನು ತಿರುವುತ್ತಾ ಇಡಲು ದೊಡ್ಡದೊಂದು. ಪಂಪು ಸ್ಕ್ರೂ ಮಾದರಿಯದ್ದಿರಲಿ. ಅದು ಏಕಸಮನೆ ತಳ್ಳುತ್ತದೆ, ಪಿಸ್ಟನ್ ಪಂಪಿನಂತೆ ಲೈನನ್ನು ಗುದ್ದುವುದಿಲ್ಲ. ಒಣಗಿಸಿ ಓಡಿಸಿದರೆ ಮಾತ್ರ ಅದರ ರಬ್ಬರು ಸುಟ್ಟುಹೋಗುತ್ತದೆ.

ಲೈನಿನಲ್ಲಿ ನೀರು ತುಂಬಿರುವಾಗಲೇ ಸ್ಪಂಜಿನ ಚೆಂಡು ಹಾಕಿ, ಅದರ ಹಿಂದೆ ಗ್ರೌಟ್ ಬಿಡಿ. ಏಳು ನಿಮಿಷಕ್ಕೆ ಆಚೆ ತುದಿ ತಲುಪುತ್ತದೆ. ನೀರು, ಚೆಂಡು, ತೆಳುವಾದದ್ದು ಎಲ್ಲ ಹೊರಗೆ ಹೋಗಿ, ಡ್ರಮ್ಮಿನಲ್ಲಿದ್ದಷ್ಟೇ ದಪ್ಪದ ಗ್ರೌಟ್ ಬಂದ ಮೇಲೆ ಕೇಸಿಂಗಿನ ತಗ್ಗಿನ ತುದಿಗೆ ಜೋಡಿಸಿ. ಎತ್ತರದ ತುದಿಯಲ್ಲಿ ಗಾಳಿ ಹೋಗಲು ಕೊಳವೆ ತೆರೆದಿರಲಿ. ಎರಡನೆಯ ಗೇಜು ಗ್ರೌಟ್ ಒಳಹೋಗುವ ತಗ್ಗಿನ ಬಾಯಲ್ಲಿರಲಿ. ಪಂಪಿನ ಗೇಜು ತೋರಿಸುವುದು ಲೈನಿನ ಸುಸ್ತನ್ನು. ಕೇಸಿಂಗಿನೊಳಗೆ ಏನಾಗುತ್ತಿದೆ ಎಂದು ಹೇಳುವುದು ಇದೊಂದೇ. ಇಲ್ಲಿ ಒಂದು ಕಿಲೋ ದಾಟಲು ನಾನು ಬಿಡುವುದಿಲ್ಲ.

ಒಮ್ಮೆ ಹೊರಟ ಮೇಲೆ ನಿಲ್ಲಿಸಬಾರದು. ಚಹಾ ಬಂದರೆ ಸರದಿಯಲ್ಲಿ ಕುಡಿಯಿರಿ. ನಿಲ್ಲಿಸಲೇಬೇಕಾದರೆ ಹತ್ತು ನಿಮಿಷ ಗರಿಷ್ಠ, ಅದಕ್ಕೂ ಮೀರಿದರೆ ಲೈನು ತೊಳೆದುಬಿಡಿ. ಮುಳ್ಳು ಏಕಾಏಕಿ ಏರಿದರೆ ಪಂಪು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಗೇಜು ಸೊನ್ನೆಗೆ ಇಳಿಯುವವರೆಗೆ ಯಾವ ಕ್ಲಾಂಪನ್ನೂ ಮುಟ್ಟಬೇಡಿ; ಕಣ್ಣಿಗೆ ಕನ್ನಡಕ ಇರಲಿ. ಕಟ್ಟಿಕೊಂಡಿರುವುದು ಸಾಮಾನ್ಯವಾಗಿ ಜಿನುಗಿದ ಜೋಡಣೆಯಲ್ಲೇ, ಅಲ್ಲಿಂದ ಹುಡುಕಿ.

ಲೆಕ್ಕಕ್ಕಿಂತ ಕಾಲುಭಾಗ ಹೆಚ್ಚು ಹೋದರೂ ಗಾಳಿಕೊಳವೆಯಲ್ಲಿ ಗ್ರೌಟ್ ಕಾಣದಿದ್ದರೆ ಅದು ಬೇರೆಲ್ಲಿಗೋ ಹೋಗುತ್ತಿದೆ. ಪೈವಳಿಕೆ, ಬಾಯಾರು ಕಡೆಯ ಗುಡ್ಡಗಳಲ್ಲಿ ಕೆಲಸವಾದರೆ ಸುತ್ತಲಿನ ಸುರಂಗಗಳನ್ನು, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಗಳನ್ನು, ಮೊದಲೇ ನೋಡಿಕೊಂಡು ಬನ್ನಿ. ಮುರಕಲ್ಲಿನ ತೂತುಗಳ ದಾರಿ ಯಾವ ಮನೆಯ ಸುರಂಗಕ್ಕೆ ಸೇರುತ್ತದೆ ಎಂದು ಮೇಲಿನಿಂದ ತಿಳಿಯುವುದಿಲ್ಲ. ಕುಡಿಯುವ ನೀರು ಬೆಳ್ಳಗಾದ ಮೇಲೆ ಆ ಮನೆಯವರ ಎದುರು ನಿಲ್ಲುವುದು ಸುಖದ ಕೆಲಸವಲ್ಲ. ನಿಲ್ಲಿಸಿ, ಲೈನು ತೊಳೆದು, ಸೋರಿಕೆ ಎಲ್ಲಿಯದೆಂದು ಪತ್ತೆಮಾಡಿದ ಮೇಲೆ ಮಾರನೆಯ ದಿನ ಮುಂದುವರಿಸಿ.

ಗಾಳಿಕೊಳವೆಯಿಂದ ಗುಳ್ಳೆಯಿಲ್ಲದ ದಪ್ಪ ಗ್ರೌಟ್ ಒಂದು ಬಕೆಟ್ ಬಂದ ಮೇಲೆ ಅದನ್ನು ಮುಚ್ಚಿ, ಐದು ನಿಮಿಷ ಹಗುರ ಒತ್ತಡ ಹಿಡಿದು, ಒಳಬಾಯಿಯ ವಾಲ್ವ್ ಬಂದ್ ಮಾಡಿ. ತಕ್ಷಣ ಲೈನಿಗೆ ಮತ್ತೆ ಸ್ಪಂಜು, ಹಿಂದೆ ನೀರು. ತೊಳೆದ ನೀರನ್ನು ತೋಡಿಗೆ ಬಿಡಬೇಡಿ, ಮೀನು ಸಾಯುತ್ತದೆ. ಹೊಂಡ ತೋಡಿ ಇಂಗಿಸಿ. ಹೋಸುಗಳನ್ನು ಸುತ್ತಿಡುವಾಗ ಎರಡೂ ಬಾಯಿಗೆ ಬಟ್ಟೆ ಕಟ್ಟಿ. ಕಟ್ಟದೆ ಇಟ್ಟ ಹೋಸಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿ, ಮುಂದಿನ ಕೆಲಸದ ಮೊದಲ ಬಿರಡೆ ನೀವು ಶುರುಮಾಡುವ ಮೊದಲೇ ತಯಾರಾಗಿರುತ್ತದೆ.